ಹೆಲಿಕಾಪ್ಟರ್ ಬುಶ್ ಮತ್ತು ಒಂದು ಖಾಲಿ ಕಾಲಂ

2019ರ ಮಳೆಗಾಲದಲ್ಲಿ ನಮ್ಮ ವರ್ಕ್‌ಶಾಪಿಗೆ ಬಂದ ಒಂದು ಡ್ರಾಯಿಂಗಿನ ಮೂಲೆಯಲ್ಲಿ, ಅಳತೆಗಳಿಗಿಂತ ದಪ್ಪ ಅಕ್ಷರಗಳಲ್ಲಿ ಒಂದು ಎಚ್ಚರಿಕೆ ಅಚ್ಚಾಗಿತ್ತು. ಈ ಹಾಳೆಯಲ್ಲಿರುವ ಮಾಹಿತಿ ಅಮೆರಿಕದ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆಗೆ ಒಳಪಟ್ಟಿದೆ, ಆ ಸರ್ಕಾರದ ಅನುಮತಿಯಿಲ್ಲದೆ ಇನ್ನೊಬ್ಬರಿಗೆ ಕೊಡುವಂತಿಲ್ಲ ಎಂಬುದು ಅದರ ತಾತ್ಪರ್ಯ. ಹಾಳೆಯಲ್ಲಿದ್ದದ್ದು ಒಂದು ಬುಶ್, ಅಂದರೆ ದಂಡ ಅಥವಾ ಪಿನ್ನಿನ ಸುತ್ತ ಕೂರುವ ಸಣ್ಣ ಲೋಹದ ಕೊಳವೆ. ಅಲ್ಯೂಮಿನಿಯಂ ಕಂಚಿನದು, ಅಂಗೈಯಲ್ಲಿ ನಾಲ್ಕು ಹಿಡಿಯುತ್ತವೆ. ನಮ್ಮ ಫೋರ್‌ಮನ್ ಕಾಕಾ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ತಂಗಿ, ಇಂಥದ್ದನ್ನು ಟ್ರ್ಯಾಕ್ಟರಿಗೆ ಸಾವಿರಗಟ್ಟಲೆ ಮಾಡಿಕೊಟ್ಟಿದ್ದೇವೆ. ಇದಕ್ಕೇಕೆ ಇಷ್ಟು ಕಾವಲು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಕೂಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು.

ನಮ್ಮದು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಸಣ್ಣ ಘಟಕ. ಕಂಪ್ಯೂಟರಿನಿಂದ ನಡೆಯುವ ಎರಡು ಸಿಎನ್‌ಸಿ ಯಂತ್ರ, ಮೂರು ಹಳೆಯ ಲೇತ್, ಒಂಬತ್ತು ಜನ. ಈ ಊರು ವಾಲ್ವ್‌ಗಳಿಗೆ ಹೆಸರಾದದ್ದು. ಅಪ್ಪ ಮೂವತ್ತು ವರ್ಷ ಸ್ಪಿಂಡಲ್, ಸೀಟ್ ರಿಂಗ್‌ಗಳನ್ನೇ ತಿರುಗಿಸಿದರು. ನಾನು ಧಾರವಾಡದಲ್ಲಿ ಬಿ.ಕಾಂ. ಮುಗಿಸಿ ಬಂದು ಲೆಕ್ಕ, ಬಿಲ್, ಗುಣಮಟ್ಟದ ದಾಖಲೆಗಳನ್ನು ವಹಿಸಿಕೊಂಡೆ. ವಿಮಾನ ಭಾಗಗಳ ಗುಣಮಟ್ಟದ ಪ್ರಮಾಣಪತ್ರ ಸಿಕ್ಕ ಮೇಲೆ ದೊಡ್ಡ ಕಂಪನಿಯೊಂದರ ಮೂಲಕ ಈ ಬುಶ್ ಕೆಲಸ ಬಂತು. ಅದು ಸೇನಾ ಹೆಲಿಕಾಪ್ಟರಿಗೆ ಹೋಗುತ್ತದೆ, ಹೆಲಿಕಾಪ್ಟರ್ ಮತ್ತೊಂದು ದೇಶದ ಸೇನೆಗೆ ಹೋಗುತ್ತದೆ ಎಂಬಷ್ಟು ನಮಗೆ ಗೊತ್ತಿತ್ತು.

ಮೊದಲ ತಪ್ಪು ಮೂರನೇ ವಾರದಲ್ಲೇ ಆಯಿತು. ನಮ್ಮ ಹುಡುಗನೊಬ್ಬ ಲೇಪನದ ದರ ಕೇಳಲೆಂದು ಡ್ರಾಯಿಂಗಿನ ಫೋಟೋ ತೆಗೆದು, ಊರಿನಲ್ಲೇ ಇರುವ ಪ್ಲೇಟಿಂಗ್‌ನವರಿಗೆ ವಾಟ್ಸಾಪ್ ಮಾಡಿದ. ಅವನ ಮಟ್ಟಿಗೆ ಅದು ದಿನನಿತ್ಯದ ಕೆಲಸ. ವಾಲ್ವ್ ಕೆಲಸದಲ್ಲಿ ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು. ಆದರೆ ಡ್ರಾಯಿಂಗಿನ ಒಡೆತನದ ಅಮೆರಿಕದ ಕಂಪನಿ ತನ್ನ ಸರ್ಕಾರದಿಂದ ಪಡೆದ ಅನುಮತಿಯಲ್ಲಿ ಯಾರಾರು ಈ ಮಾಹಿತಿಯನ್ನು ನೋಡಬಹುದು ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ನಮ್ಮ ಹೆಸರಿತ್ತು, ಪ್ಲೇಟಿಂಗ್‌ನವರದು ಇರಲಿಲ್ಲ. ಮುಚ್ಚಿಡುವುದು ಸುಲಭವಿತ್ತು. ಅಪ್ಪ ರಾತ್ರಿ ಊಟಕ್ಕೆ ಕುಳಿತಾಗ "ನಾಳೆ ಬೆಳಿಗ್ಗೆ ಕಂಪನಿಗೆ ನೀನೇ ಬರೆದು ತಿಳಿಸು" ಎಂದರು. ತಿಳಿಸಿದೆ. ಫೋಟೋ ಎರಡೂ ಮೊಬೈಲಿನಿಂದ ಅಳಿಸಿದ್ದಕ್ಕೆ ಪ್ಲೇಟಿಂಗ್‌ನವರಿಂದ ಬರಹದಲ್ಲಿ ಪತ್ರ ತಂದೆ. ಕೆಲಸ ಇಪ್ಪತ್ತೆರಡು ದಿನ ನಿಂತಿತು, ನಂತರ ಮುಂದುವರಿಯಿತು. ಹುಡುಗನನ್ನು ನಾನು ಬೈಯಲಿಲ್ಲ. ಅವನಿಗೆ ಹೇಳಿಕೊಡದೆ ಡ್ರಾಯಿಂಗ್ ಕೊಟ್ಟವಳು ನಾನು.

ಅಂದಿನಿಂದ ನಿಯಮ ಬದಲಾಯಿತು. ಡ್ರಾಯಿಂಗುಗಳಿಗೆ ಬೀಗದ ಕಪಾಟು. ಒಳಗಿಟ್ಟರೆ, ಹೊರತೆಗೆದರೆ ರಿಜಿಸ್ಟರಿನಲ್ಲಿ ಸಹಿ. ಆ ಯಂತ್ರಗಳ ಬಳಿಗೆ ಮೊಬೈಲ್ ಒಯ್ಯುವಂತಿಲ್ಲ. ಕಚ್ಚಾ ಸರಳಿನ ಹೀಟ್ ನಂಬರ್, ಅಂದರೆ ಆ ಲೋಹ ಯಾವ ಎರಕದ್ದೆಂದು ಹೇಳುವ ಸಂಖ್ಯೆ, ಜಾಬ್ ಕಾರ್ಡಿಗೆ; ಜಾಬ್ ಕಾರ್ಡಿನ ಸಂಖ್ಯೆ ಪ್ರತಿ ಬುಶ್‌ನ ಪೊಟ್ಟಣಕ್ಕೆ. ನೂರು ಬುಶ್ ಮಾಡಿದರೆ ನೂರರ ಲೆಕ್ಕ ಸಿಗಬೇಕು: ಕಳುಹಿಸಿದ್ದು ಎಷ್ಟು, ರಿಜೆಕ್ಟ್ ಎಷ್ಟು, ಯಾವ ಕಾರಣಕ್ಕೆ.

ಆದರೆ ಕಾಕಾ ಕೇಳಿದ "ಏಕೆ" ಹಾಗೆಯೇ ಉಳಿದಿತ್ತು. ಆಗ ಧಾರವಾಡದ ಮನೆಯಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ಆ ಪ್ರಯಾಣದಲ್ಲೇ ಒಂದಿಷ್ಟು ಸರ್ಕಾರಿ ಕಾಗದಗಳನ್ನು ಮೊಬೈಲಿನಲ್ಲಿ ಓದಿದೆ. ಅಮೆರಿಕದಲ್ಲಿ 1976ರ ಆ ಕಾಯ್ದೆಯ ಪ್ರಕಾರ, ಒಂದು ಮೊತ್ತ ಮೀರಿದ ಶಸ್ತ್ರಾಸ್ತ್ರ ಮಾರಾಟವನ್ನು ಸರ್ಕಾರ ಮೊದಲೇ ಅಲ್ಲಿನ ಸಂಸತ್ತಿನ ಮುಂದಿಡಬೇಕು. ನ್ಯಾಟೊ ದೇಶಗಳು, ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ, ಇಸ್ರೇಲ್, ನ್ಯೂಜಿಲೆಂಡ್ ಆದರೆ 15 ದಿನ. ಭಾರತದಂಥ ಉಳಿದ ದೇಶಗಳಾದರೆ 30 ದಿನ. ಆ ಅವಧಿಯಲ್ಲಿ ಸಂಸತ್ತು ವಿರೋಧದ ನಿರ್ಣಯ ತರಬಹುದು. ಅಧ್ಯಕ್ಷರು ಅದನ್ನು ತಿರಸ್ಕರಿಸಬಹುದು, ಆದ್ದರಿಂದ ಅಂಥ ನಿರ್ಣಯದಿಂದ ಇದುವರೆಗೆ ಯಾವ ಮಾರಾಟವೂ ಕಾನೂನಿನ ಬಲದಿಂದ ನಿಂತಿಲ್ಲ. ಹಾಗಾದರೆ ಇದೆಲ್ಲ ಬರಿಯ ಶಾಸ್ತ್ರವೇ ಎಂದು ನನಗೂ ಮೊದಲು ಅನಿಸಿತು.

ನಮ್ಮ ಸೇನೆಗೆ ಆರು ಅಪಾಚೆ ಹೆಲಿಕಾಪ್ಟರ್ ಮಾರುವ ಬಗ್ಗೆ 2018ರ ಜೂನ್‌ನಲ್ಲಿ ಹೊರಟ ಪ್ರಕಟಣೆಯನ್ನು ಓದಿದಾಗ ಆ ಅನಿಸಿಕೆ ಸಡಿಲವಾಯಿತು. ಅಂದಾಜು ಬೆಲೆ 93 ಕೋಟಿ ಡಾಲರ್. ಆರು ಹೆಲಿಕಾಪ್ಟರಿಗೆ 14 ಎಂಜಿನ್, ಅಂದರೆ ಎರಡು ಹೆಚ್ಚುವರಿ. ರಾಡಾರ್ ಎಷ್ಟು, ಕ್ಷಿಪಣಿ ಎಷ್ಟು, ಮುಖ್ಯ ತಯಾರಕರು ಯಾರು, ಈ ಮಾರಾಟದಿಂದ ಪ್ರದೇಶದ ಸೇನಾ ಸಮತೋಲನ ಕದಲುತ್ತದೆಯೇ ಎಂಬುದಕ್ಕೆ ಒಂದು ಸಾಲು. ಮರುವರ್ಷ ನೌಕಾಪಡೆಯ 24 ಎಂಎಚ್-60ಆರ್ ಹೆಲಿಕಾಪ್ಟರುಗಳ ಪ್ರಕಟಣೆಯೂ ಹಾಗೆಯೇ, 260 ಕೋಟಿ ಡಾಲರ್. ನಮ್ಮ ಸೇನೆ ಏನು ಕೊಳ್ಳಲಿದೆ ಎಂಬುದನ್ನು ಕೊಳ್ಳುವ ಮೊದಲೇ ಮಾರುವ ದೇಶದ ಸಾಮಾನ್ಯ ಪ್ರಜೆ ಓದಬಹುದು. ಹುಬ್ಬಳ್ಳಿಯ ಬಸ್ಸಿನಲ್ಲಿ ಕುಳಿತ ನಾನೂ ಓದಿದೆ. ನಿರ್ಣಯ ಗೆಲ್ಲದಿದ್ದರೂ, ಎಲ್ಲರೂ ಓದುವ ಕಾಗದವನ್ನು ಬರೆಯುವಾಗ ಅಧಿಕಾರಿಯ ಕೈ ಹೆಚ್ಚು ಎಚ್ಚರವಾಗಿರುತ್ತದೆ ಎಂದು ನಾನು ನಂಬುತ್ತೇನೆ. ನಮ್ಮ ರಿಜಿಸ್ಟರ್ ಬಂದ ಮೇಲೆ ನಮ್ಮವರ ಕೈಯೂ ಹಾಗೆಯೇ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಾರಿದ ಮೇಲೂ ನೋಟ ನಿಲ್ಲುವುದಿಲ್ಲ. ಕೊಟ್ಟ ಸಾಮಗ್ರಿ ಕೊಟ್ಟ ಕಡೆಯೇ ಇದೆಯೇ ಎಂದು ಅಮೆರಿಕದವರು ಪರಿಶೀಲಿಸುತ್ತಾರೆ. ಇದಕ್ಕೆ ಭಾರತ 2009ರಲ್ಲಿ ಒಪ್ಪಿಕೊಂಡಿತು. ಆಗ ನಮ್ಮಲ್ಲಿ ಅದಕ್ಕೆ ದೊಡ್ಡ ವಿರೋಧವೂ ಎದ್ದಿತ್ತು. ಸ್ವಾಭಿಮಾನದ ಆ ಮಾತು ನನಗೆ ಅರ್ಥವಾಗುತ್ತದೆ. ಆದರೂ ನಾಳೆ ನಾವು ಇನ್ನೊಬ್ಬರಿಗೆ ಮಾರಿದಾಗ ಅದೇ ಪ್ರಶ್ನೆಯನ್ನು ನಾವೂ ಕೇಳಬೇಕಾಗುತ್ತದೆ.

ಕಾಕಾ ಅವರಿಗೆ ಮನದಟ್ಟಾದದ್ದು ಟರ್ಕಿಯ ಕಥೆಯಿಂದ. ಟರ್ಕಿ 2018ರಲ್ಲಿ 30 ಟಿ129 ದಾಳಿ ಹೆಲಿಕಾಪ್ಟರುಗಳನ್ನು ಪಾಕಿಸ್ತಾನಕ್ಕೆ ಮಾರಲು ಒಪ್ಪಂದ ಮಾಡಿಕೊಂಡಿತು. ಹೆಲಿಕಾಪ್ಟರ್ ಟರ್ಕಿಯದು, ಆದರೆ ಅದರ ಎಂಜಿನ್ ತಯಾರಿಕೆಯಲ್ಲಿ ಅಮೆರಿಕದ ಕಂಪನಿಯ ಪಾಲಿತ್ತು. ಎಂಜಿನ್ನಿಗೆ ಅಮೆರಿಕ ರಫ್ತು ಪರವಾನಗಿ ಕೊಡಲಿಲ್ಲ. ಮಾರಾಟ ಅಲ್ಲಿಗೇ ನಿಂತಿತು. ಅದೇ ಹೆಲಿಕಾಪ್ಟರನ್ನು ಫಿಲಿಪ್ಪೀನ್ಸ್ ಕೇಳಿದಾಗ ಪರವಾನಗಿ ಸಿಕ್ಕಿತು, 2022ರಲ್ಲಿ ಮೊದಲ ಎರಡು ಅಲ್ಲಿಗೆ ಹೋದವು. ನಮ್ಮದೇ ಧ್ರುವ ಹೆಲಿಕಾಪ್ಟರನ್ನು ಮ್ಯಾನ್ಮಾರಿಗೆ ಕೊಡುವ ಮಾತು ಬಂದಾಗಲೂ, ಅದರೊಳಗೆ ಯುರೋಪಿನ ಭಾಗಗಳಿವೆ, ಆ ದೇಶದ ಮೇಲೆ ಯುರೋಪಿನ ಶಸ್ತ್ರ ನಿರ್ಬಂಧವಿದೆ ಎಂದು ಮಾನವ ಹಕ್ಕು ಸಂಘಟನೆಗಳು 2007ರಲ್ಲಿ ಪ್ರಶ್ನೆ ಎತ್ತಿದ್ದವು. "ಅಂದರೆ ಒಂದು ಭಾಗ ಒಪ್ಪದಿದ್ದರೆ ಇಡೀ ಹೆಲಿಕಾಪ್ಟರ್ ಮೇಲೇಳುವುದಿಲ್ಲ" ಎಂದರು ಕಾಕಾ. ಅಂದಿನಿಂದ ರಿಜಿಸ್ಟರಿಗೆ ಸಹಿ ಹಾಕಿಸಲು ನಾನು ಅವರ ಹಿಂದೆ ಹೋಗಬೇಕಾಗಲಿಲ್ಲ.

ನಮ್ಮ ಸರ್ಕಾರದ ಬಾಗಿಲು ತಟ್ಟುವ ಸರದಿ 2021ರಲ್ಲಿ ಬಂತು. ಯುರೋಪಿನ ಒಂದು ಕಂಪನಿ ತನ್ನದೇ ಡ್ರಾಯಿಂಗ್ ಕಳುಹಿಸಿ, ಹೆಲಿಕಾಪ್ಟರನ್ನು ನೆಲದ ಮೇಲೆ ಸರಿಸುವ ಚಕ್ರದ ಜೋಡಣೆಗೆ ಬುಶ್‌ಗಳನ್ನು ನೇರವಾಗಿ ನಮ್ಮಿಂದ ಕೇಳಿತು. ನೇರ ರಫ್ತು ಎಂದರೆ ಹೊಣೆ ನಮ್ಮದು. ಭಾರತದಲ್ಲಿ ಇಂಥ ವಸ್ತುಗಳಿಗೆ ಸ್ಕೋಮೆಟ್ ಎಂಬ ನಿಯಂತ್ರಣ ಪಟ್ಟಿ ಇದೆ. 1992ರ ವಿದೇಶ ವ್ಯಾಪಾರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಅದಕ್ಕೆ ಬಲ ಕೊಟ್ಟಿತು. 2017ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರ ರಫ್ತಿನ ಮೇಲೆ ನಿಗಾ ಇಡುವ ದೇಶಗಳ ಗುಂಪಾದ ವಾಸೆನಾರ್ ಒಕ್ಕೂಟವನ್ನು ಭಾರತ ಸೇರುವ ಹೊತ್ತಿಗೆ ಪಟ್ಟಿಯ ಆರನೇ ವರ್ಗದಲ್ಲಿ ಸೇನಾ ಸಾಮಗ್ರಿಗಳು ಬಂದಿದ್ದವು. ಆ ವರ್ಗಕ್ಕೆ ಅನುಮತಿ ಕೊಡುವುದು ರಕ್ಷಣಾ ಉತ್ಪಾದನಾ ಇಲಾಖೆ. ವಿಮಾನ, ಹೆಲಿಕಾಪ್ಟರ್, ಅವುಗಳ ಭಾಗ ಮತ್ತು ನೆಲದ ಉಪಕರಣಗಳು ಪಟ್ಟಿಯ 6ಎ010 ಎಂಬ ಸಂಖ್ಯೆಯ ಕೆಳಗೆ ಬರುತ್ತವೆ.

ಇಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಒಂದೇ ಪದಗುಚ್ಛ: "ಸೇನಾ ಬಳಕೆಗಾಗಿಯೇ ವಿಶೇಷವಾಗಿ ವಿನ್ಯಾಸಗೊಂಡದ್ದು". ಅದೇ ಅಳತೆಯ ಬುಶ್ ನಾಗರಿಕ ಹೆಲಿಕಾಪ್ಟರಿಗೂ ಕೂರುತ್ತಿದ್ದರೆ ಅದು ಪಟ್ಟಿಯೊಳಗೋ ಹೊರಗೋ? ಪರಿಚಯದವರು "ಸಾಮಾನ್ಯ ಬುಶ್ ಎಂದು ಬರೆದು ಕಳುಹಿಸಿಬಿಡಿ, ಯಾರು ನೋಡುತ್ತಾರೆ" ಎಂದರು. ನಾನು ಖರೀದಿದಾರರಿಗೇ ಬರೆದು, ವಿನ್ಯಾಸ ಯಾವ ಹೆಲಿಕಾಪ್ಟರಿಗಾಗಿ ಆದದ್ದು ಎಂದು ಲಿಖಿತವಾಗಿ ಕೇಳಿದೆ. ಉತ್ತರ ಸ್ಪಷ್ಟವಾಗಿತ್ತು, ಸೇನಾ ಮಾದರಿಗಷ್ಟೇ. ಗೊಂದಲ ಮುಗಿಯಿತು. ಇದೇ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಮಾತು ಇದು: ವರ್ಗೀಕರಣವನ್ನು ಊಹಿಸಬೇಡಿ, ವಿನ್ಯಾಸ ಮಾಡಿದವರಿಂದ ಬರೆಸಿಕೊಳ್ಳಿ.

ಅರ್ಜಿ ಆನ್‌ಲೈನ್. ಖರೀದಿ ಆದೇಶ, ತಾಂತ್ರಿಕ ವಿವರ, ಡ್ರಾಯಿಂಗ್, ರಫ್ತು ಸಂಕೇತ ಸಂಖ್ಯೆ ಎಲ್ಲ ಒಂದು ದಿನದಲ್ಲಿ ಕೂಡಿದವು. ವಾರಗಳು ಹಿಡಿದದ್ದು ಅಂತಿಮ ಬಳಕೆದಾರರ ಪ್ರಮಾಣಪತ್ರಕ್ಕೆ. ಖರೀದಿದಾರ ಕಂಪನಿಯ ಬರಿಯ ಸಹಿ ಸಾಲದು. ಕೊನೆಗೆ ಬಳಸುವವರು ಯಾರು, ಯಾವುದಕ್ಕೆ, ನಡುವೆ ಯಾರ ಕೈ ದಾಟುತ್ತದೆ, ಭಾರತದ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಕೊಡುವುದಿಲ್ಲ ಎಂಬ ಮಾತು, ಇಷ್ಟೂ ಇರಬೇಕು. ಮೊದಲ ಪ್ರತಿಯಲ್ಲಿ ನಡುವಿನ ಗೋದಾಮಿನ ಹೆಸರು ಬಿಟ್ಟುಹೋಗಿತ್ತು. ತಿರುಗಿ ತರಿಸಿದೆ. ಅನುಮತಿ ಕೈಗೆ ಬಂದ ದಿನ ಅಪ್ಪ ಅದರ ನಕಲನ್ನು ಬನಶಂಕರಿಯ ಫೋಟೋದ ಪಕ್ಕ ಇಟ್ಟರು.

ಅದಾದ ಕೆಲವು ತಿಂಗಳಿಗೆ ಕೊಲ್ಲಿ ದೇಶವೊಂದರ ವರ್ತಕರಿಂದ ಇಮೇಲ್ ಬಂತು. ಮೊದಲ ಕೆಲಸದ ಬುಶ್‌ನಂಥದ್ದೇ 400 ಬೇಕು, ದರ ನಾವು ಕೇಳಿದಷ್ಟು, ಅರ್ಧ ಹಣ ಮುಂಗಡ. ಜೊತೆಗಿದ್ದ ಫೋಟೋದಲ್ಲಿ ಭಾಗದ ಸಂಖ್ಯೆಯನ್ನು ಉಜ್ಜಿ ಅಳಿಸಲಾಗಿತ್ತು. ಯಂತ್ರದ ಸಾಲದ ಕಂತು ಬಾಕಿಯಿದ್ದ ಕಾಲ ಅದು. ನಮ್ಮ ನಮೂನೆ ಕಳುಹಿಸಿದೆ. ಎಲ್ಲ ಕಾಲಂ ತುಂಬಿ ಬಂತು, "ಅಂತಿಮ ಬಳಕೆದಾರ" ಎಂಬಲ್ಲಿ ಮಾತ್ರ ಏನೂ ಇರಲಿಲ್ಲ. ಮತ್ತೆ ಕೇಳಿದೆ, "ದಾಸ್ತಾನಿಗಾಗಿ" ಎಂದರು. ಮೂರನೇ ಬಾರಿ ಕೇಳಿದ ಮೇಲೆ ಉತ್ತರವೇ ಬರಲಿಲ್ಲ. ಡ್ರಾಯಿಂಗ್ ನಮ್ಮದಲ್ಲದ್ದರಿಂದ ಮಾಡುವ ಹಕ್ಕೂ ನಮಗಿರಲಿಲ್ಲ ಎಂಬುದು ನಿಜ. ಆದರೆ ಅಂದು ನನ್ನನ್ನು ತಡೆದದ್ದು ಆ ಖಾಲಿ ಜಾಗ. ಆ ಬುಶ್ ಯಾರ ಹೆಲಿಕಾಪ್ಟರಿನಲ್ಲಿ, ಯಾರ ಮನೆಗಳ ಮೇಲೆ ಹಾರುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ.

ರಿಜೆಕ್ಟ್ ಆದ ಬುಶ್‌ಗಳನ್ನು ಗುಜರಿಗೆ ಹಾಗೆಯೇ ಹಾಕುವುದಿಲ್ಲ. ಕಾಕಾ ಪ್ರತಿ ಶನಿವಾರ ಅವನ್ನು ಗರಗಸದಿಂದ ಅಡ್ಡ ಸೀಳುತ್ತಾರೆ, ನಾನು ಎಣಿಸಿ ಬರೆಯುತ್ತೇನೆ. ಇಡಿಯಾಗಿ ಹೊರಹೋದರೆ ಯಾರಾದರೂ ಹೊಳಪು ಕೊಟ್ಟು ಬಿಡಿಭಾಗವೆಂದು ಮಾರಬಹುದು. ಸೀಳಿದ ಕಂಚಿಗೆ ಗುಜರಿಯವರು ಕಡಿಮೆ ದರ ಕೊಡುವುದಿಲ್ಲ, ಆದ್ದರಿಂದ ಇದರಿಂದ ನಷ್ಟವೂ ಇಲ್ಲ.

ನನ್ನ ಒಂದು ಅಸಮಾಧಾನವನ್ನು ಹೇಳಲೇಬೇಕು. ಭಾರತ ಈಗ ಮಾರುವ ದೇಶವೂ ಹೌದು. 2024-25ರಲ್ಲಿ ರಕ್ಷಣಾ ರಫ್ತು 23,622 ಕೋಟಿ ರೂಪಾಯಿ ಮುಟ್ಟಿತು. ಗುಬ್ಬಿಯ ಬಳಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಹೆಮ್ಮೆಯ ವಿಷಯ. ಆದರೆ ಒಂದು ಹೆಲಿಕಾಪ್ಟರ್ ಯಾವ ದೇಶಕ್ಕೆ, ಯಾವ ಶರತ್ತಿನ ಮೇಲೆ ಹೊರಟಿದೆ ಎಂಬುದನ್ನು ಒಪ್ಪಂದಕ್ಕೆ ಮೊದಲೇ ಸಂಸತ್ತಿನ ಮುಂದಿಡುವ ಕಡ್ಡಾಯ ನಮ್ಮಲ್ಲಿಲ್ಲ. ಈಕ್ವೆಡಾರ್ ನಮ್ಮಿಂದ ಏಳು ಧ್ರುವ ಕೊಂಡಿತು. ನಾಲ್ಕು ಅಪಘಾತಕ್ಕೀಡಾದವು, 2015ರಲ್ಲಿ ಒಪ್ಪಂದ ರದ್ದಾಯಿತು. ಕಾರಣಗಳ ಬಗ್ಗೆ ಎರಡೂ ಕಡೆಯವರ ಮಾತು ಬೇರೆ ಬೇರೆ. ನನಗೆ ಮುಖ್ಯವೆನಿಸುವುದು, ಮಾರಿದ ಮೇಲಿನ ಬಿಡಿಭಾಗ, ನಿರ್ವಹಣೆ, ತರಬೇತಿಯ ಮೇಲೆ ಯಾರಾದರೂ ಹೊರಗಿನವರು ಕಣ್ಣಿಟ್ಟು ವರ್ಷಕ್ಕೊಮ್ಮೆ ಬಹಿರಂಗವಾಗಿ ಬರೆಯುವ ಪದ್ಧತಿ ಇದ್ದಿದ್ದರೆ ಎಂಬುದು. ನನ್ನಂಥ ಒಂಬತ್ತು ಜನರ ಘಟಕದಿಂದ ಪ್ರತಿ ಬುಶ್‌ನ ಲೆಕ್ಕ ಕೇಳುವ ಸರ್ಕಾರ, ಇಡೀ ಹೆಲಿಕಾಪ್ಟರಿನ ಲೆಕ್ಕವನ್ನು ಜನರಿಗೆ ಕೊಡಬೇಕು. ಮತ್ತು ಸ್ಕೋಮೆಟ್ ಕೈಪಿಡಿ ಕನ್ನಡದಲ್ಲಿ ಬರಬೇಕು. ಕಾಕಾ ಅವರಿಗೆ ನಾನು ಓದಿ ಅರ್ಥ ಹೇಳಿದ್ದು ನೂರಾರು ಘಟಕಗಳಲ್ಲಿ ಯಾರೂ ಹೇಳದೆ ಉಳಿದಿದೆ.

ಕಳೆದ ತಿಂಗಳು ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿರುವ ಒಬ್ಬರು, ಅಪ್ಪನ ಹಳೆಯ ಸ್ನೇಹಿತರು, ಫೋನ್ ಮಾಡಿದ್ದರು. ಅವರಿಗೆ ಹೊಸ ವಿಚಾರಣೆ ಬಂದಿದೆ, ಕಂಚಿನ ಬುಶ್, 400, ಅರ್ಧ ಮುಂಗಡ. "ನೀವು ಇಂಥ ಕೆಲಸ ಮಾಡಿದವರಲ್ಲವೇ, ದರ ಎಷ್ಟು ಹಾಕಲಿ?" ಎಂದು ಕೇಳಿದರು. ಫೋಟೋದಲ್ಲಿ ಸಂಖ್ಯೆ ಕಾಣುತ್ತದೆಯೇ ಎಂದೆ. ಇಲ್ಲ ಎಂದರು. ದರದ ಮಾತು ಆಮೇಲೆ ಆಡೋಣ, ಮೊದಲು ಇದನ್ನು ತುಂಬಿಸಿ ತರಿಸಿಕೊಳ್ಳಿ ಎಂದು ನಮ್ಮ ನಮೂನೆಯನ್ನು ಕಳುಹಿಸಿ, ಕೊನೆಯ ಕಾಲಮ್ಮಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೆ.