ತಲೆ ಎಣಿಸಿ ಸೀಟು ಹಂಚುವ ಮುಂಚೆ

ಆಸ್ಟ್ರೇಲಿಯಾದ ಮೂಲನಿವಾಸಿಗಳು ತಮ್ಮ ಪ್ರದೇಶಕ್ಕೆ ತಮ್ಮದೇ ಮಂಡಳಿ ಕಟ್ಟಲು ಹೊರಟಿದ್ದಾರೆ ಅಂದುಕೊಳ್ಳಿ. ಯಾವ ಊರಿಗೆ ಎಷ್ಟು ಸೀಟು? ಜನಗಣತಿ ಪಟ್ಟಿ ತೆಗೆದು ಸುಮ್ನೆ ಭಾಗಾಕಾರ ಮಾಡಿದರೆ ಮೊದಲ ಸಭೆಯಲ್ಲೇ ಜಗಳ ಗ್ಯಾರಂಟಿ.

ಮೊದಲು ಗಡಿ. ಅಲ್ಲಿನ ಅಂಕಿಅಂಶ ಬ್ಯೂರೋ ಮೂಲನಿವಾಸಿಗಳ ಲೆಕ್ಕಕ್ಕೆಂದೇ ಬೇರೆ ನಕ್ಷೆ ಮಾಡಿಟ್ಟಿದೆ. ಅದರಿಂದ ಶುರು ಮಾಡಿ. ಆದರೆ ನೆಂಟಸ್ತಿಕೆ, ಭಾಷೆ ಯಾವ ಗೆರೆಯನ್ನೂ ಕೇಳುವುದಿಲ್ಲ. ಹಿರಿಯರ ಮುಂದೆ ನಕ್ಷೆ ಹಾಸಿ, ಅವರು ಹೂಂ ಅಂದ ಮೇಲೆ ಗೆರೆ ಗಟ್ಟಿ ಮಾಡಿ.

ಆಮೇಲೆ ಸಂಖ್ಯೆ. ಇಲ್ಲಿ ಅವಸರ ಬೇಡ. 2021ರ ಗಣತಿಯಲ್ಲಿ ಮೂಲನಿವಾಸಿ ಎಂದು ಗುರುತಿಸಿಕೊಂಡವರು 8,12,728. ಅದೇ ವರ್ಷಕ್ಕೆ ಬ್ಯೂರೋ ಕೊಟ್ಟ ಅಂದಾಜು 9,83,700. ಯಾವುದು ಸರಿ? ಗಣತಿ ಮುಗಿದ ಮೇಲೆ ಮತ್ತೊಂದು ಸಮೀಕ್ಷೆ ಮಾಡಿ, ಬಿಟ್ಟುಹೋದವರನ್ನು ಸೇರಿಸಿದ ಲೆಕ್ಕ ಎರಡನೆಯದು. ನೂರಕ್ಕೆ 17 ಜನ ಮೊದಲ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹಣ ಹಂಚುವಾಗ ಅಂದಾಜನ್ನೇ ಹಿಡಿಯಿರಿ.

ಸಣ್ಣ ಊರಿನ ಪಟ್ಟಿಯಲ್ಲಿ ಗಂಡಸರನ್ನೂ ಹೆಂಗಸರನ್ನೂ ಕೂಡಿಸಿದರೆ ಕೆಲವೊಮ್ಮೆ ಒಟ್ಟು ಸಂಖ್ಯೆಗೆ ತಾಳೆಯಾಗುವುದಿಲ್ಲ. ಅಚ್ಚಿನ ತಪ್ಪಲ್ಲ. ಯಾರ ಮನೆಯ ವಿವರವೂ ಬಯಲಾಗದಿರಲಿ ಎಂದು ಬ್ಯೂರೋ ಬೇಕೆಂದೇ ಅಂಕಿಗಳನ್ನು ಚೂರು ಅಲುಗಿಸುತ್ತದೆ. ಹಾಗಾಗಿ ಐದು, ಆರು ಎಂಬ ಅಂಕಿ ನಂಬಿ ಅಂಗನವಾಡಿಯಂಥದ್ದನ್ನು ಮಂಜೂರು ಮಾಡಬೇಡಿ; ಊರಿಗೆ ಹೋಗಿ ಕೇಳಿ.

2016ರಿಂದ 2021ಕ್ಕೆ ಗಣತಿಯ ಸಂಖ್ಯೆ ಶೇ 25ರಷ್ಟು ಏರಿತು. ಐದು ವರ್ಷದಲ್ಲಿ ಅಷ್ಟೊಂದು ಮಕ್ಕಳು ಹುಟ್ಟಲು ಸಾಧ್ಯವೇ ಇಲ್ಲ, ಅಲ್ವಾ? ಮುಂಚೆ ಹೇಳಿಕೊಳ್ಳದವರು ಈಗ ಹೇಳಿಕೊಂಡಿದ್ದೂ ಇದರಲ್ಲಿ ಸೇರಿದೆ. ಇದೇ ವೇಗದಲ್ಲಿ ಮುಂದಿನ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ.

ವಯಸ್ಸಿನ ಕಾಲಂ ಮರೆಯಬೇಡಿ. ಮೂವರಲ್ಲಿ ಒಬ್ಬರು 15 ತುಂಬದ ಮಕ್ಕಳು; ಮತ ಹಾಕದಿದ್ದರೂ ಹಣದ ಲೆಕ್ಕದಲ್ಲಿ ಅವರೂ ಬರಬೇಕು.

ಕೊನೆಗೆ ಸೀಟು. ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ಮೂಲನಿವಾಸಿಗಳದೇ ಆದ ಮುರ್ಡಿ ಪಾಕಿ ಪ್ರಾದೇಶಿಕ ಸಭೆಯಲ್ಲಿ 16 ಊರುಗಳಿವೆ. ಬ್ರೋಕನ್ ಹಿಲ್‌ನಂಥ ಪಟ್ಟಣವೂ ಇದೆ, ವೈಲ್ಮೊರಿಂಗಲ್‌ನಂಥ ಪುಟ್ಟ ಹಳ್ಳಿಯೂ ಇದೆ. ಪ್ರತಿ ಊರಿನ ಸಮಿತಿಯ ಅಧ್ಯಕ್ಷರಿಗೂ ಅಲ್ಲಿ ಜಾಗ. ನನಗಂತೂ ಇದೇ ಸರಿ ಕಾಣುತ್ತದೆ: ಮಾತು ಊರಿಗೊಂದು, ಹಣ ತಲೆ ಲೆಕ್ಕಕ್ಕೆ.

ಆಸ್ಟ್ರೇಲಿಯಾದ ಉತ್ತರ ತುದಿಯಾಚೆ, ದ್ವೀಪಗಳಿರುವ ಟಾರೆಸ್ ಜಲಸಂಧಿಯಲ್ಲಿ ಇನ್ನೊಂದು ಗಂಟು. ಅಲ್ಲಿನ ಪ್ರಾದೇಶಿಕ ಪ್ರಾಧಿಕಾರ 1994ರಿಂದ ಇದೆ, ಆದರೆ ದ್ವೀಪದ ಜನರಲ್ಲಿ ಹೆಚ್ಚಿನವರು ನೆಲೆಸಿರುವುದು ದ್ವೀಪಗಳಾಚೆ, ಮುಖ್ಯಭೂಮಿಯಲ್ಲಿ. ಜಾತ್ರೆಗೆ ಮಾತ್ರ ಬೆಂಗಳೂರಿನಿಂದ ಬರುವ ನಮ್ಮೂರಿನವರ ಹಾಗೆ. ಅವರಿಗೆ ಮತ ಇದೆಯೋ ಇಲ್ಲವೋ ಎಂದು ಸೀಟು ಹಂಚುವ ಮೊದಲೇ ತೀರ್ಮಾನಿಸಿ, ಪಟ್ಟಿಯಲ್ಲಿ ಅವರಿಗೊಂದು ಕಾಲಂ ಎಳೆಯಿರಿ.