ಬೃಹತ್ ತಂತ್ರಜ್ಞಾನ ಕಂಪನಿಗಳಿಂದ ಉತ್ತರ ಪಡೆಯುವ ಬಗೆ: ದೂರು ಕಟ್ಟುವುದರಿಂದ ಪರಿಹಾರದವರೆಗೆ

ಜನರ ಮಾತು, ದುಡಿಮೆ, ಸಾಲ, ವಸತಿ, ಮತ ಇವೆಲ್ಲದರ ನಡುವೆ ಇಂದು ಯಾವುದೋ ಕಂಪನಿಯ ತಂತ್ರಾಂಶ ಬಂದು ನಿಂತಿದೆ. ಅದರಿಂದ ಅನ್ಯಾಯವಾದಾಗ ಸಿಟ್ಟು ಬರುವುದು ಸಹಜ. ಆದರೆ "ಈ ಕಂಪನಿಗಳು ಸಮಾಜವನ್ನೇ ಕೆಡಿಸುತ್ತಿವೆ" ಎಂಬ ಆಪಾದನೆಗೆ ಯಾವ ಕಂಪನಿಯೂ ಉತ್ತರ ಕೊಡಬೇಕಾದ ಪ್ರಸಂಗ ಬರುವುದಿಲ್ಲ. "ಈ ಎರಡು ದಿನಾಂಕಗಳ ನಡುವೆ ನಲವತ್ತು ಚಾಲಕರ ಖಾತೆಗಳನ್ನು ಮನುಷ್ಯರಾರೂ ಪರಿಶೀಲಿಸದೆ ಮುಚ್ಚಲಾಗಿದೆ, ನಲವತ್ತು ಮನವಿಗಳಿಗೂ ಒಂದೇ ಒಕ್ಕಣೆಯ ಉತ್ತರ ಬಂದಿದೆ" ಎಂದು ದಾಖಲೆಯೊಂದಿಗೆ ಹೇಳಿದರೆ ಮಾತ್ರ ಕಂಪನಿಯ ವಕೀಲರು ಕುಳಿತು ಓದುತ್ತಾರೆ. ಇಂತಹ ಆಪಾದನೆಯನ್ನು ಕಟ್ಟುವುದು ಹೇಗೆ, ಯಾರ ಮುಂದೆ ಇಡಬೇಕು, ಕೊನೆಗೆ ಏನನ್ನು ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಹಾನಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಆ ವಾಕ್ಯದಲ್ಲಿ ನಾಲ್ಕು ಸಂಗತಿಗಳು ಇರಬೇಕು: ಹಾನಿಗೊಳಗಾದವರು ಯಾರು, ಅವರ ಯಾವ ಹಕ್ಕಿಗೆ ಧಕ್ಕೆಯಾಯಿತು, ಕಂಪನಿಯ ಯಾವ ತೀರ್ಮಾನದಿಂದ ಹಾಗಾಯಿತು, ಮತ್ತು ಅದು ಬೇರೆ ಯಾವ ರೀತಿ ನಡೆದುಕೊಳ್ಳಬಹುದಿತ್ತು. ಮೂರನೆಯದರಲ್ಲಿಯೇ ಹೆಚ್ಚಿನ ದೂರುಗಳು ಸೋಲುತ್ತವೆ, ಏಕೆಂದರೆ "ನಾವು ಬರೀ ವೇದಿಕೆ, ಬರೆದವರು ಬಳಕೆದಾರರು" ಎಂದು ಕಂಪನಿ ಕೈತೊಳೆದುಕೊಳ್ಳುತ್ತದೆ.

ಆ ವಾದಕ್ಕೆ ಎದುರಾಡಲು ವ್ಯವಹಾರ ಮತ್ತು ಮಾನವ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಮಾರ್ಗದರ್ಶಿ ತತ್ವಗಳು ನೆರವಾಗುತ್ತವೆ. 2011ರ ಜೂನ್‌ನಲ್ಲಿ ಮಾನವ ಹಕ್ಕುಗಳ ಮಂಡಳಿ ಅನುಮೋದಿಸಿದ ಈ 31 ತತ್ವಗಳು ಕಂಪನಿಯ ಪಾತ್ರವನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ: ಕಂಪನಿ ತಾನೇ ಹಾನಿ ಮಾಡಿರಬಹುದು, ಹಾನಿಗೆ ಕೈಜೋಡಿಸಿರಬಹುದು, ಅಥವಾ ತನ್ನ ಸೇವೆ ಇಲ್ಲವೇ ವ್ಯವಹಾರ ಸಂಬಂಧದ ಮೂಲಕ ಹಾನಿಯೊಂದಿಗೆ ನೇರ ನಂಟು ಹೊಂದಿರಬಹುದು. ಮೊದಲ ಎರಡರಲ್ಲಿ ನೊಂದವರಿಗೆ ಪರಿಹಾರ ದೊರಕಿಸುವುದು ಕಂಪನಿಯದೇ ಹೊಣೆ. ಮೂರನೆಯದರಲ್ಲಿ ಹಾನಿಯನ್ನು ತಡೆಯಲು ತನ್ನ ಪ್ರಭಾವವನ್ನು ಬಳಸುವ ಹೊಣೆ ಇರುತ್ತದೆ. ಈ ತತ್ವಗಳು ಕಾನೂನಲ್ಲ, ಇವುಗಳ ಮೇಲೆ ನೇರವಾಗಿ ದಾವೆ ಹೂಡಲಾಗದು. ಆದರೂ ದೂರಿನ ಭಾಷೆಯನ್ನು ಇವುಗಳಿಂದ ಎರವಲು ಪಡೆಯುವುದು ಜಾಣತನ, ಏಕೆಂದರೆ ದೊಡ್ಡ ಕಂಪನಿಗಳಲ್ಲಿ ಹಲವು ಇವುಗಳನ್ನು ಒಪ್ಪಿರುವುದಾಗಿ ತಾವೇ ಪ್ರಕಟಿಸಿವೆ.

ಮ್ಯಾನ್ಮಾರ್‌ನ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ರೋಹಿಂಗ್ಯಾ ಜನರ ವಿರುದ್ಧದ ದ್ವೇಷದ ಬರಹಗಳನ್ನು ಫೇಸ್‌ಬುಕ್ ಬರೆದಿರಲಿಲ್ಲ. ಆದರೆ ಬರ್ಮೀ ಭಾಷೆ ಬಲ್ಲ ಪರಿಶೀಲಕರನ್ನು ಸಾಕಷ್ಟು ನೇಮಿಸದೆ ಅಲ್ಲಿ ಸೇವೆಯನ್ನು ಹರಡಿದ್ದು, ಎಚ್ಚರಿಕೆಗಳು ಬಂದ ಮೇಲೂ ನಿಧಾನಿಸಿದ್ದು ಕಂಪನಿಯದೇ ತೀರ್ಮಾನಗಳಾಗಿದ್ದವು. ದೂರು ಆ ತೀರ್ಮಾನಗಳ ಮೇಲೆ ನಿಂತಾಗ, ಹಿಂಸೆಗೆ ತನ್ನ ವೇದಿಕೆ ಬಳಕೆಯಾಗದಂತೆ ತಡೆಯಲು ತಾನು ಸಾಕಷ್ಟು ಮಾಡಲಿಲ್ಲವೆಂದು ಕಂಪನಿ 2018ರ ನವೆಂಬರ್‌ನಲ್ಲಿ ಒಪ್ಪಿಕೊಳ್ಳಬೇಕಾಯಿತು.

ಪುರಾವೆ: ಹೆಚ್ಚಿನ ಶ್ರಮ ಇಲ್ಲಿಯೇ ಬೇಕು

ಸ್ಕ್ರೀನ್‌ಶಾಟ್ ಒಂದನ್ನೇ ನಂಬಿ ಕೂರಬೇಡಿ. ಅದನ್ನು ತಿದ್ದುವುದು ಸುಲಭವೆಂದು ಎದುರು ಪಕ್ಷ ಹೇಳಿದರೆ ಸಾಕು, ಅದರ ಬೆಲೆ ಅರ್ಧಕ್ಕಿಳಿಯುತ್ತದೆ. ಪುಟದ ಪೂರ್ಣ ವಿಳಾಸ, ನೋಡಿದ ದಿನ, ಗಂಟೆ ಮತ್ತು ಕಾಲವಲಯ, ಯಾವ ಖಾತೆಯಿಂದ ಯಾವ ಸಾಧನದಲ್ಲಿ ನೋಡಿದಿರಿ ಎಂಬುದನ್ನು ಅದೇ ಕ್ಷಣದಲ್ಲಿ ಬರೆದಿಡಿ. ಸಾರ್ವಜನಿಕ ಪುಟವಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ, ಏಕೆಂದರೆ ನಿಮ್ಮ ಕೈಗೆ ಸಿಗದ ಮೂರನೆಯವರ ಬಳಿ ಇರುವ ಪ್ರತಿಗೆ ಹೆಚ್ಚು ತೂಕವಿದೆ. ಮೂಲ ಕಡತವನ್ನು ಮುಟ್ಟದೆ ಬೇರೆ ಇರಿಸಿ, ಅದರ ಹ್ಯಾಶ್ ಮೌಲ್ಯವನ್ನು (ಕಡತದಿಂದ ಲೆಕ್ಕಹಾಕಿ ಪಡೆಯುವ, ಅದರ ಬೆರಳಚ್ಚಿನಂತಹ ಸಂಕೇತವನ್ನು) ದಾಖಲಿಸಿ, ಕೆಲಸಕ್ಕೆ ನಕಲನ್ನು ಮಾತ್ರ ಬಳಸಿ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುವುದರಿಂದ, ತಿದ್ದಿಲ್ಲವೆಂದು ವರ್ಷಗಳ ನಂತರವೂ ತೋರಿಸಬಹುದು. ಡಿಜಿಟಲ್ ಪುರಾವೆಯ ಸಂಗ್ರಹಕ್ಕೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕೇಂದ್ರ ಸೇರಿ ರೂಪಿಸಿದ ಬರ್ಕ್ಲಿ ಪ್ರೋಟೋಕಾಲ್ ಉಚಿತವಾಗಿ ದೊರೆಯುತ್ತದೆ. ಗಂಭೀರ ಪ್ರಕರಣ ಕಟ್ಟುವವರು ಕೆಲಸ ಶುರುಮಾಡುವ ಮೊದಲೇ ಅದನ್ನು ಓದಬೇಕು.

ಕಂಪನಿಯ ಒಳಗಿರುವ ಮಾಹಿತಿಯನ್ನು ಹೊರತರುವ ಕಾನೂನುಬದ್ಧ ದಾರಿಯೂ ಒಂದಿದೆ. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಇರುವ ಕಡೆಗಳಲ್ಲಿ ಸಾಮಾನ್ಯವಾಗಿ ನಿಮ್ಮ ಬಗ್ಗೆ ಕಂಪನಿ ಏನನ್ನು ಇರಿಸಿಕೊಂಡಿದೆ ಎಂದು ಕೇಳುವ ಹಕ್ಕು ನಿಮಗಿರುತ್ತದೆ. 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್ ಪ್ರಕಾರ ಇಂತಹ ಕೋರಿಕೆಗೆ ಒಂದು ತಿಂಗಳಲ್ಲಿ ಉತ್ತರ ಬರಬೇಕು. ಜಟಿಲ ಪ್ರಕರಣದಲ್ಲಿ ಇನ್ನೆರಡು ತಿಂಗಳು ವಿಸ್ತರಿಸಬಹುದು. ಈ ಹಕ್ಕನ್ನು ಕಡೆಗಣಿಸುವವರೇ ಹೆಚ್ಚು. ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್ 2011ರಲ್ಲಿ ಹೀಗೆ ಕೇಳಿದಾಗ ಫೇಸ್‌ಬುಕ್ 1,200ಕ್ಕೂ ಹೆಚ್ಚು ಪುಟಗಳ ಕಡತ ಕಳುಹಿಸಿತು, ಅದರಲ್ಲಿ ಅವರು ಅಳಿಸಿದ್ದೇನೆಂದು ತಿಳಿದಿದ್ದ ಸಂದೇಶಗಳೂ ಇದ್ದವು. ಚಾಲಕರು ಇದೇ ಹಕ್ಕನ್ನು ಒಟ್ಟಾಗಿ ಬಳಸಿದ್ದರಿಂದ 2023ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೇಲ್ಮನವಿ ನ್ಯಾಯಾಲಯ ಊಬರ್ ಮತ್ತು ಓಲಾ ಕಂಪನಿಗಳ ಸ್ವಯಂಚಾಲಿತ ತೀರ್ಮಾನಗಳ ಕುರಿತು ಚಾಲಕರ ಪರ ತೀರ್ಪಿತ್ತಿತು. ಒಬ್ಬರ ಕಡತ ಒಂದು ಕಥೆಯನ್ನು ಹೇಳುತ್ತದೆ. ನೂರು ಜನರ ಕಡತಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಯಂತ್ರದ ನಡೆ ಕಾಣತೊಡಗುತ್ತದೆ.

ಮೂರನೆಯ ವಿಧಾನ ಹೊರಗಿನಿಂದ ಪರೀಕ್ಷಿಸುವುದು. ಸಂಶೋಧಕರಾದ ಜಾಯ್ ಬುಲಮ್‌ವೀನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮೂರು ಕಂಪನಿಗಳ ಮುಖ ವಿಶ್ಲೇಷಣೆಯ ತಂತ್ರಾಂಶಗಳಿಗೆ ಶಾಸನಸಭಾ ಸದಸ್ಯರ ಭಾವಚಿತ್ರಗಳನ್ನು ಕೊಟ್ಟು, ಹೆಣ್ಣೋ ಗಂಡೋ ಎಂದು ಹೇಳಿಸಿದರು. ಬಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8ರಷ್ಟಿತ್ತು, ಕಪ್ಪುಬಣ್ಣದ ಹೆಂಗಸರ ವಿಷಯದಲ್ಲಿ ಅದು ಶೇ. 34.7ರವರೆಗೆ ಏರಿತು. ಒಟ್ಟಾರೆ ನಿಖರತೆಯ ಒಂದೇ ಅಂಕಿಯನ್ನು ನೋಡಿದರೆ ಈ ಅಂತರ ಅದರೊಳಗೆ ಅಡಗಿಹೋಗುತ್ತದೆ. ಆದ್ದರಿಂದ ಸರಾಸರಿಯನ್ನು ಎಂದೂ ಒಪ್ಪಿಕೊಳ್ಳದೆ, ಲಿಂಗ, ಬಣ್ಣ, ಭಾಷೆ, ವಯಸ್ಸು, ಅಂಗವೈಕಲ್ಯ ಇವುಗಳಿಗೆ ತಕ್ಕಂತೆ ಅಂಕಿಗಳನ್ನು ಒಡೆದು ತೋರಿಸುವಂತೆ ಕೇಳಬೇಕು. ಮುಖ್ಯ ವೇದಿಕೆಗಳಲ್ಲಿ ಇಂಗ್ಲಿಷೇತರ ಭಾಷೆಗಳ ಪರಿಶೀಲನೆಯ ಗುಣಮಟ್ಟದ ಬಗ್ಗೆ ಈ ಪ್ರಶ್ನೆಯನ್ನು ಎಷ್ಟು ಕೇಳಿದರೂ ಕಡಿಮೆಯೇ.

ಆದರೆ ಎಚ್ಚರ ಬೇಕು. ಸ್ವಯಂಚಾಲಿತ ವಿಧಾನದಿಂದ ಮಾಹಿತಿ ಸಂಗ್ರಹಿಸುವುದನ್ನು ಬಳಕೆಯ ಷರತ್ತುಗಳು ಸಾಮಾನ್ಯವಾಗಿ ನಿಷೇಧಿಸಿರುತ್ತವೆ. ರಾಜಕೀಯ ಜಾಹೀರಾತುಗಳನ್ನು ಅಧ್ಯಯನ ಮಾಡುತ್ತಿದ್ದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರ ಖಾತೆಗಳನ್ನು ಫೇಸ್‌ಬುಕ್ 2021ರ ಆಗಸ್ಟ್‌ನಲ್ಲಿ ಮುಚ್ಚಿತು. ಪರೀಕ್ಷೆಗೆ ಮುನ್ನವೇ ವಕೀಲರೊಬ್ಬರ ಸಲಹೆ ಪಡೆಯಿರಿ. ಸಾಕ್ಷಿ ನುಡಿದವರ ಹೆಸರು, ಫೋನ್ ಸಂಖ್ಯೆ, ಭಾವಚಿತ್ರಗಳನ್ನು ಮಾತ್ರ ಆ ಕಂಪನಿಯದೇ ಸಂದೇಶ ಸೇವೆಯಲ್ಲಿ ಹಂಚಿಕೊಳ್ಳುವ ತಪ್ಪನ್ನು ಮಾಡಬೇಡಿ. ವಿಚಿತ್ರವೆನಿಸಿದರೂ ಇದು ಪದೇ ಪದೇ ಆಗುವ ತಪ್ಪು.

ಕಂಪನಿಯ ಮಾತನ್ನೇ ಅಳತೆಗೋಲಾಗಿಸಿ

ಪ್ರತಿ ಬೃಹತ್ ಕಂಪನಿಯೂ ಮಾನವ ಹಕ್ಕುಗಳ ನೀತಿ, ಖಾಸಗಿತನದ ನೀತಿ, ಕೃತಕ ಬುದ್ಧಿಮತ್ತೆಯ ತತ್ವಗಳು ಎಂಬ ಹೆಸರಿನಲ್ಲಿ ಚೆಂದದ ಮಾತುಗಳನ್ನು ಪ್ರಕಟಿಸುತ್ತದೆ. ಇವುಗಳಲ್ಲಿ ಮೂಗಿಗೆ ತುಪ್ಪ ಸವರುವ ಅಂಶವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ, ಆದರೂ ಇವು ನಿರುಪಯೋಗಿಯಲ್ಲ: ಗ್ರಾಹಕರಿಗೂ ಹೂಡಿಕೆದಾರರಿಗೂ ಕೊಟ್ಟ ಮಾತು ನಡೆಗೆ ವಿರುದ್ಧವಾದಾಗ ಅನೇಕ ದೇಶಗಳಲ್ಲಿ ಅದು ವಂಚನೆಯ ಅಥವಾ ದಾರಿತಪ್ಪಿಸುವ ಹೇಳಿಕೆಯ ಪ್ರಶ್ನೆಯಾಗುತ್ತದೆ. ಆ ಪುಟಗಳ ದಿನಾಂಕಸಹಿತ ಪ್ರತಿಗಳನ್ನು ಉಳಿಸಿಕೊಳ್ಳಿ, ಏಕೆಂದರೆ ಅವು ಸದ್ದಿಲ್ಲದೆ ಬದಲಾಗುತ್ತವೆ. ನೌಕರರ ಪ್ರತಿಭಟನೆಯ ನಂತರ 2018ರಲ್ಲಿ ಗೂಗಲ್ ಪ್ರಕಟಿಸಿದ ತತ್ವಗಳಲ್ಲಿ ಆಯುಧಗಳಿಗಾಗಿ ಕೃತಕ ಬುದ್ಧಿಮತ್ತೆಯನ್ನು ರೂಪಿಸುವುದಿಲ್ಲ ಎಂಬ ವಚನವಿತ್ತು. 2025ರ ಫೆಬ್ರುವರಿಯಲ್ಲಿ ಆ ವಚನವನ್ನು ತೆಗೆದುಹಾಕಲಾಯಿತು.

ಪುರಾವೆ ಕೈಗೆ ಬಂದ ಮೇಲೆ ಕಂಪನಿಗೆ ಪತ್ರ ಬರೆಯಿರಿ. ಪ್ರಶ್ನೆಗಳು ಐದನ್ನು ಮೀರದಿರಲಿ, ಪ್ರತಿಯೊಂದೂ ಹೌದು ಅಥವಾ ಇಲ್ಲ ಎಂಬ ಇಲ್ಲವೇ ಅಂಕಿಯ ರೂಪದ ಉತ್ತರವನ್ನು ಬೇಡುವಂತಿರಲಿ, ಉತ್ತರಕ್ಕೆ ಗಡುವು ಇರಲಿ. ಉತ್ತರ ಬಾರದಿದ್ದರೆ ಆ ಮೌನವೂ ದಾಖಲೆಯೇ. ಲಂಡನ್ ಮೂಲದ ಬಿಸಿನೆಸ್ ಅಂಡ್ ಹ್ಯೂಮನ್ ರೈಟ್ಸ್ ರಿಸೋರ್ಸ್ ಸೆಂಟರ್ ಇಂತಹ ಆಪಾದನೆಗಳಿಗೆ ಕಂಪನಿಗಳ ಪ್ರತಿಕ್ರಿಯೆ ಕೇಳಿ, ಬಂದದ್ದನ್ನೂ ಬಾರದ್ದನ್ನೂ ಪ್ರಕಟಿಸುತ್ತದೆ.

ಯಾವ ಬಾಗಿಲು ತಟ್ಟಬೇಕು

ಹಾನಿಯಾದ ದೇಶ, ಕಂಪನಿಯ ಮುಖ್ಯ ಕಚೇರಿಯ ದೇಶ, ಬಳಕೆದಾರರೊಂದಿಗೆ ಒಪ್ಪಂದ ಮಾಡಿಕೊಂಡ ಅಂಗಸಂಸ್ಥೆಯ ದೇಶ ಈ ಮೂರೂ ಬೇರೆ ಬೇರೆಯಾಗಿರುವುದು ಸಾಮಾನ್ಯ. ಒಂದು ಕಡೆ ಬಾಗಿಲು ಮುಚ್ಚಿದ್ದರೆ ಇನ್ನೊಂದು ತೆರೆದಿರಬಹುದು. ಕೆನ್ಯಾದಲ್ಲಿ ಹೊರಗುತ್ತಿಗೆಯ ಮೇಲೆ ಫೇಸ್‌ಬುಕ್‌ನ ಘೋರ ದೃಶ್ಯಗಳನ್ನು ಪರಿಶೀಲಿಸುತ್ತಿದ್ದ ಕೆಲಸಗಾರರು ಮೊಕದ್ದಮೆ ಹೂಡಿದಾಗ, ತಾನು ಆ ದೇಶದಲ್ಲಿ ವ್ಯವಹಾರ ನಡೆಸುತ್ತಿಲ್ಲವೆಂದು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ವಾದಿಸಿತು. 2023ರಲ್ಲಿ ಅಲ್ಲಿನ ನ್ಯಾಯಾಲಯವೂ 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ವಾದವನ್ನು ಒಪ್ಪಲಿಲ್ಲ. ಗುತ್ತಿಗೆದಾರನ ಹಿಂದೆ ಅಡಗುವ ತಂತ್ರ ಎಲ್ಲ ಕಡೆಯೂ ಗೆಲ್ಲುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ದೂರು ವೈಯಕ್ತಿಕ ಮಾಹಿತಿಯದಾದರೆ ಆಯಾ ದೇಶದ ಮಾಹಿತಿ ರಕ್ಷಣಾ ಪ್ರಾಧಿಕಾರದ ಬಳಿ ಹೋಗಬೇಕು. ಜಿಡಿಪಿಆರ್ ಅಡಿಯಲ್ಲಿ ದಂಡವು ಜಾಗತಿಕ ವಾರ್ಷಿಕ ವಹಿವಾಟಿನ ಶೇ. 4ರವರೆಗೆ ಇರಬಹುದು, ವೇದಿಕೆಗಳ ಸಾಮಾಜಿಕ ಅಪಾಯಗಳನ್ನು ನೋಡುವ ಯುರೋಪಿನ ಡಿಜಿಟಲ್ ಸೇವೆಗಳ ಕಾಯ್ದೆಯಲ್ಲಿ ಅದು ಶೇ. 6. ಆದರೆ ತಾಳ್ಮೆ ಬೇಕು. ಅಮೆರಿಕಕ್ಕೆ ಮಾಹಿತಿ ರವಾನಿಸುವುದರ ವಿರುದ್ಧ ಶ್ರೆಮ್ಸ್ 2013ರಲ್ಲಿ ದೂರು ಕೊಟ್ಟರು. ಅದೇ ವಿವಾದದ ಮುಂದುವರಿಕೆಯಾಗಿ ಮೆಟಾ ಮೇಲೆ 120 ಕೋಟಿ ಯೂರೋ ದಂಡ ಬಿದ್ದದ್ದು 2023ರ ಮೇ ತಿಂಗಳಿನಲ್ಲಿ.

ಹಾನಿ ಕಾರ್ಮಿಕರದ್ದು, ಪರಿಸರದ್ದು ಅಥವಾ ಪೂರೈಕೆ ಸರಪಳಿಯದ್ದಾದರೆ, ಮತ್ತು ಕಂಪನಿಯ ಮೂಲ ದೇಶ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಬಹುರಾಷ್ಟ್ರೀಯ ಕಂಪನಿಗಳಿಗಾಗಿ ರೂಪಿಸಿದ ಮಾರ್ಗಸೂಚಿಗಳನ್ನು ಒಪ್ಪಿದ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಒಂದಾದರೆ, ಅಲ್ಲಿನ ರಾಷ್ಟ್ರೀಯ ಸಂಪರ್ಕ ಕೇಂದ್ರಕ್ಕೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ. ಅದು ಮಧ್ಯಸ್ಥಿಕೆ ವಹಿಸುತ್ತದೆಯೇ ಹೊರತು ಶಿಕ್ಷಿಸುವುದಿಲ್ಲ. ಬೇರೆ ದಾರಿಯಿಲ್ಲದ ದೂರದ ದೇಶದವರಿಗೆ ಇದು ಒಳ್ಳೆಯ ಆರಂಭ, ನ್ಯಾಯಾಲಯದ ದಾರಿ ಇರುವವರಿಗೆ ಎರಡನೆಯ ಆಯ್ಕೆ.

ಈ ಬಾಗಿಲುಗಳನ್ನು ಬಿಟ್ಟು ಬರೀ ಸಹಿ ಸಂಗ್ರಹಿಸಿ ಒತ್ತಡ ತರುವುದರ ಮೇಲೆ ನನಗೆ ದೊಡ್ಡ ನಂಬಿಕೆಯಿಲ್ಲ.

ಒಳಗಿನವರು ಮತ್ತು ಷೇರುದಾರರು

ನೌಕರರು ಬಾಯಿ ತೆರೆದರೆ ಕಂಪನಿ ಬೇಗ ಬಗ್ಗುತ್ತದೆ. ಅಮೆರಿಕದ ರಕ್ಷಣಾ ಇಲಾಖೆಯಾದ ಪೆಂಟಗನ್‌ನ ಡ್ರೋನ್ ದೃಶ್ಯ ವಿಶ್ಲೇಷಣೆಯ ಯೋಜನೆಯನ್ನು ಬಿಡಬೇಕೆಂದು ಗೂಗಲ್‌ನ ಮೂರು ಸಾವಿರಕ್ಕೂ ಹೆಚ್ಚು ನೌಕರರು 2018ರಲ್ಲಿ ಪತ್ರ ಬರೆದ ಕೆಲವೇ ತಿಂಗಳಲ್ಲಿ, ಆ ಗುತ್ತಿಗೆಯನ್ನು ನವೀಕರಿಸುವುದಿಲ್ಲವೆಂದು ಕಂಪನಿ ತಿಳಿಸಿತು. ಗುಪ್ತ ದಾಖಲೆಗಳನ್ನು ಹೊರತರಲು ಬಯಸುವ ನೌಕರರು ಪತ್ರಕರ್ತರಿಗಿಂತ ಮೊದಲು ವಕೀಲರನ್ನು ಕಾಣಬೇಕು. ಕಚೇರಿಯ ಕಂಪ್ಯೂಟರ್, ಫೋನ್, ಇಮೇಲ್ ಇವುಗಳನ್ನು ಈ ಕೆಲಸಕ್ಕೆ ಮುಟ್ಟಲೇಬಾರದು. ಕಾನೂನಿನ ರಕ್ಷಣೆ ಬಹಳಷ್ಟು ದೇಶಗಳಲ್ಲಿ ನಿಯಂತ್ರಕ ಸಂಸ್ಥೆಗೆ ದೂರು ಕೊಟ್ಟವರಿಗೆ ಹೆಚ್ಚು, ಮಾಧ್ಯಮಕ್ಕೆ ಕೊಟ್ಟವರಿಗೆ ಕಡಿಮೆ. 2021ರಲ್ಲಿ ಫೇಸ್‌ಬುಕ್‌ನ ಮಾಜಿ ನೌಕರೆ ಫ್ರಾನ್ಸಿಸ್ ಹಾಗನ್ ಕಂಪನಿಯ ಒಳದಾಖಲೆಗಳನ್ನು ಅಮೆರಿಕದ ಷೇರುಪೇಟೆ ನಿಯಂತ್ರಕ ಆಯೋಗಕ್ಕೂ ಒಪ್ಪಿಸಿದ್ದರು.

ಷೇರುದಾರರ ಸಭೆಯಲ್ಲಿ ನಿರ್ಣಯ ಮಂಡಿಸುವ ದಾರಿ ಕಂಪನಿಯಿಂದ ಕಂಪನಿಗೆ ಬೇರೆ. ಆಪಲ್‌ನಲ್ಲಿ 2022ರಲ್ಲಿ ನಾಗರಿಕ ಹಕ್ಕುಗಳ ಲೆಕ್ಕಪರಿಶೋಧನೆಯ ನಿರ್ಣಯಕ್ಕೆ ಆಡಳಿತದ ವಿರೋಧವಿದ್ದರೂ ಬಹುಮತ ದೊರೆಯಿತು. ಸ್ಥಾಪಕರ ಒಂದು ಷೇರಿಗೆ ಹತ್ತು ಮತಗಳಿರುವ ಮೆಟಾದಂತಹ ಕಂಪನಿಯಲ್ಲಿ ನಿರ್ಣಯ ಗೆಲ್ಲುವ ಸಂಭವ ಇಲ್ಲವೆನ್ನಬಹುದು. ಅಲ್ಲಿ ಅದರ ಪ್ರಯೋಜನ ಪ್ರಶ್ನೆಯನ್ನು ದಾಖಲೆಗೆ ತರುವುದಷ್ಟೇ.

ಏನನ್ನು ಕೇಳಬೇಕು

ನೊಂದವರನ್ನು ಕೇಳದೆ ಬೇಡಿಕೆಪಟ್ಟಿಯನ್ನು ಸಿದ್ಧಪಡಿಸಬಾರದು. ಕೆಲವರಿಗೆ ಹಣ ಬೇಕಿರುತ್ತದೆ, ಕೆಲವರಿಗೆ ಕೆಲಸ ಮರಳಿ ಬೇಕು, ಕೆಲವರಿಗೆ ತಮ್ಮ ಭಾವಚಿತ್ರ ಅಳಿಸಿದರೆ ಸಾಕು, ಹೋರಾಟ ಬೇಡ. ಅವರ ಒಪ್ಪಿಗೆಯಿಲ್ಲದೆ ಅವರ ಕಥೆಯನ್ನು ಅಭಿಯಾನಕ್ಕೆ ಬಳಸುವುದು ಇನ್ನೊಂದು ಅನ್ಯಾಯ. ರಾಜಿಯ ಜೊತೆ ಬಾಯಿಮುಚ್ಚಿಸುವ ಷರತ್ತು ಬಂದರೆ ಅದರ ಅರ್ಥವನ್ನು ಸಹಿಗೆ ಮೊದಲೇ ಅವರಿಗೆ ತಿಳಿಹೇಳಬೇಕು.

ಬದಲಾವಣೆಯನ್ನು ಕೇಳುವಾಗ ಅದನ್ನು ಅಳೆಯುವ ವಿಧಾನವನ್ನೂ ಕೇಳಬೇಕು. ಫೇಸ್‌ಬುಕ್‌ನಲ್ಲಿ ವಸತಿ ಜಾಹೀರಾತು ನೀಡುವವರು ಕೆಲವು ಜನಾಂಗಗಳನ್ನು ಹೊರಗಿಡಬಹುದೆಂದು ಅಮೆರಿಕದ ಸುದ್ದಿಸಂಸ್ಥೆ ಪ್ರೊಪಬ್ಲಿಕಾ 2016ರಲ್ಲಿ ತೋರಿಸಿತು. 2019ರ ಮಾರ್ಚ್‌ನ ರಾಜಿಯಲ್ಲಿ ವಸತಿ, ಉದ್ಯೋಗ ಮತ್ತು ಸಾಲದ ಜಾಹೀರಾತುಗಳಿಗೆ ವಯಸ್ಸು, ಲಿಂಗ, ಅಂಚೆ ಸಂಖ್ಯೆಯ ಆಯ್ಕೆಗಳನ್ನು ತೆಗೆಯಲು ಕಂಪನಿ ಒಪ್ಪಿತು. ಗುಂಡಿಗಳು ಹೋದವು, ತಾರತಮ್ಯ ಉಳಿಯಿತು: ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ತೀರ್ಮಾನಿಸುವ ಅಲ್ಗಾರಿದಮ್ ತಾನಾಗಿಯೇ ಜನರನ್ನು ಲಿಂಗ ಮತ್ತು ಜನಾಂಗಕ್ಕೆ ತಕ್ಕಂತೆ ವಿಂಗಡಿಸುತ್ತಿತ್ತೆಂದು ಅದೇ ವರ್ಷ ಸಂಶೋಧಕರು ಕಂಡುಕೊಂಡರು. 2022ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಂದಿಗೆ ಆದ ರಾಜಿ ಈ ಪಾಠವನ್ನು ಕಲಿತಿತ್ತು. ಜಾಹೀರಾತು ತಲುಪಿಸುವ ಕ್ರಮವನ್ನೇ ತಿದ್ದಬೇಕು, ಎಷ್ಟು ತಿದ್ದಿದೆ ಎಂಬುದನ್ನು ಅಂಕಿಗಳಲ್ಲಿ ತೋರಿಸಬೇಕು, ಆ ಅಂಕಿಗಳನ್ನು ಹೊರಗಿನ ಪರಿಶೀಲಕರು ನೋಡಬೇಕು, ಇವೆಲ್ಲವೂ ನ್ಯಾಯಾಲಯದ ಕಣ್ಗಾವಲಿನಲ್ಲಿ ನಡೆಯಬೇಕು ಎಂದು ಅದರಲ್ಲಿ ಬರೆಯಲಾಗಿತ್ತು. ನಿಮ್ಮ ರಾಜಿಯ ಕರಡಿನಲ್ಲಿ ಈ ನಾಲ್ಕೂ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಸಹಿ ಹಾಕದೆ ಕರಡನ್ನು ಹಿಂದಿರುಗಿಸಿ.