ನ್ಯೂ ಓರ್ಲಿಯನ್ಸ್‌ನಲ್ಲಿ ಮೊದಲ ರಾತ್ರಿ: ಗಂಬೋ, ಜಾಝ್, ಮತ್ತೆ ಎರಡನೇ ಪೆಟ್ಟು

ನಾನು ಕುಂಬಳೆಯವ, ಯಕ್ಷಗಾನಕ್ಕೆ ಚೆಂಡೆ ಬಾರಿಸುವವ. ಹೊಟ್ಟೆಪಾಡಿಗೆ ಬೇರೆ ಕೆಲಸ ಉಂಟು, ಆದ್ರೆ ಸೀಸನ್ ಶುರುವಾದ್ರೆ ವಾರಕ್ಕೆ ಒಂದು ಆಟವೋ ತಾಳಮದ್ದಳೆಯೋ ಇದ್ದೇ ಇರ್ತದೆ. ಕಳೆದ ಅಕ್ಟೋಬರಲ್ಲಿ ಹೆಂಡತಿಯ ಅಣ್ಣನ ಮನೆಗೆ ಅಂತ ಅಮೆರಿಕದ ಹ್ಯೂಸ್ಟನ್‌ಗೆ ಹೋಗಿದ್ದೆ, ಅಲ್ಲಿಂದ ಜಾಝ್ ಹುಟ್ಟಿದ ನ್ಯೂ ಓರ್ಲಿಯನ್ಸ್‌ಗೆ ರೋಡಲ್ಲಿ ಸುಮಾರು 560 ಕಿಲೋಮೀಟರ್, ಭಾವ ಹೇಳಿದ್ರು, "ಭಾವ, ಚೆಂಡೆಯವರು ಇಷ್ಟು ಹತ್ತಿರ ಬಂದು ಜಾಝ್ ಕೇಳದೆ ಹೋಗುದಾ?" ಅಂತ. ಊರಿಗೆ ಬಂದ ಮೇಲೆ ನಮ್ಮ ಹಿಮ್ಮೇಳದ ಹುಡುಗರು ಕೇಳುದು ಒಂದೇ ಪ್ರಶ್ನೆ, ಎಂತ ಅರ್ಥ ಆಯ್ತು ನಿಮಗೆ ಅಂತ. ಹಾಗೆ ಆ ಒಂದು ರಾತ್ರಿ ನಾನು ಹೇಗೆ ಊಟ ಮಾಡಿದೆ, ಹೇಗೆ ಕೇಳಿದೆ ಅಂತ ಬರೀತೇನೆ.

ಮಧ್ಯಾಹ್ನ ಮೂರಕ್ಕೆ ತಲುಪಿದ್ದು. ಕಾರು ಉಳ್ಕೊಂಡ ಜಾಗದಲ್ಲೇ ಬಿಟ್ಟೆವು, ಫ್ರೆಂಚ್ ಕ್ವಾರ್ಟರ್ ಅಂತ ಹೇಳುವ ಹಳೇ ಪೇಟೆ ಪೂರಾ ನಡೆದೇ ಮುಗಿಸ್ಬಹುದು, ಅಲ್ಲಿ ಪಾರ್ಕಿಂಗ್ ಹುಡುಕುತ್ತಾ ಕೂತ್ರೆ ಸಂಜೆಯೇ ಹೋಗ್ತದೆ. ಮೊದಲು ಹೋದದ್ದು ಕಾಂಗೋ ಸ್ಕ್ವೇರ್‌ಗೆ. ಕಲ್ಲು ಹಾಸಿದ ಒಂದು ಮೈದಾನ, ಸುತ್ತ ದೊಡ್ಡ ದೊಡ್ಡ ಮರ, ಅಷ್ಟೇ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಭಾನುವಾರ ಮಾತ್ರ ಸೇರಿ ಡೋಲು ಬಾರಿಸಿ ಕುಣಿತಾ ಇದ್ದದ್ದು ಇಲ್ಲಿ, 1817ರಲ್ಲಿ ನಗರದವರು ಕಾನೂನು ಮಾಡಿ ಇದೊಂದೇ ಜಾಗ ಅಂತ ಮಾಡಿದ್ದು. ಅಮೆರಿಕದ ಬೇರೆ ಕಡೆ ಎಷ್ಟೋ ಊರಲ್ಲಿ ಅವರಿಗೆ ಡೋಲು ಮುಟ್ಲಿಕ್ಕೇ ಬಿಡ್ತಿರ್ಲಿಲ್ಲ. ನಾನು ಅಲ್ಲಿ ಚಪ್ಪಲಿ ಕಳಚಿ ಐದು ನಿಮಿಷ ನಿಂತೆ, ಭಾವ ಎಂತದೂ ಕೇಳ್ಲಿಲ್ಲ. ಸಂಗೀತ ಕೇಳುವ ಮೊದಲು ಅಲ್ಲಿಗೆ ಹೋಗಿ ಅಂತ ನಾನು ಎಲ್ಲರಿಗೂ ಹೇಳುದು, ಯಾಕೆ ಅಂತ ಊಟದ ಮೇಜಿಗೆ ಕೂತಾಗ ಗೊತ್ತಾಗ್ತದೆ.

ಊಟಕ್ಕೆ ಬೇಗ ಹೋಗ್ಬೇಕು, ಇದು ಪೆಟ್ಟು ತಿಂದು ಕಲಿತದ್ದು. ಹೆಸರುವಾಸಿ ಹೋಟೆಲ್ ಒಂದಕ್ಕೆ ಆರು ಗಂಟೆಗೆ ಹೋದ್ರೆ ಗೇಟಿನ ಹೊರಗೆ ಸಾಲು, ನಲವತ್ತು ನಿಮಿಷ ನಿಂತು ಬಿಟ್ಟು ಬಂದೆವು, ನಮ್ಮ ಜಾಝ್ ಶೋ ಏಳೂವರೆಗೆ. ಪಕ್ಕದ ಗಲ್ಲಿಯಲ್ಲಿ ಒಂದು ಸಣ್ಣ ಅಂಗಡಿಯ ಹಾಗಿನ ಹೋಟೆಲ್, ಅಲ್ಲಿ ಗಂಬೋ ತಗೊಂಡದ್ದು.

ಗಂಬೋ ಅಂದ್ರೆ ನಮ್ಮ ಭಾಷೆಯಲ್ಲಿ ಹೇಳುದಾದ್ರೆ ದಪ್ಪ ಸಾರು. ಮೈದಾವನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕೈ ಬಿಡದೆ ಹುರೀತಾರೆ, ಬಣ್ಣ ಕರಿಬೆಲ್ಲದ ಹಾಗೆ ಆಗುವವರೆಗೆ, ಅದಕ್ಕೆ ನೀರುಳ್ಳಿ, ದೊಣ್ಣೆಮೆಣಸು, ಸೆಲರಿ. ಈ ಮೂರು ಇಲ್ಲದೆ ಅಲ್ಲಿ ಅಡಿಗೆಯೇ ಇಲ್ಲ. ನಾನು ತಗೊಂಡದ್ರಲ್ಲಿ ಸಿಗಡಿ, ಏಡಿ, ಮತ್ತೆ ಬೆಂಡೆಕಾಯಿ, ನಡುವೆ ಒಂದು ಮುಷ್ಟಿ ಬೆಳ್ತಿಗೆ ಅನ್ನ ಗುಡ್ಡೆ ಹಾಕಿ ಕೊಟ್ರು. ಮೊದಲ ಚಮಚಕ್ಕೆ ಹುರಿದ ಹಿಟ್ಟಿನ ಆ ಸಣ್ಣ ಕಹಿ, ಆಮೇಲೆ ಏಡಿಯ ಸಿಹಿ, ಕೊನೆಗೆ ಬೆಂಡೆಯ ಲೋಳೆ ಗಂಟಲಿಗೆ ಜಾರುದು, ಆ ಲೋಳೆ ಅಲ್ಲಿ ದೋಷ ಅಲ್ಲ, ಸಾರು ದಪ್ಪ ಆಗುದೇ ಅದರಿಂದ. ಗಂಬೋ ಅಂತ ಹೆಸರು ಬಂದದ್ದೂ ಆಫ್ರಿಕಾದಲ್ಲಿ ಬೆಂಡೆಕಾಯಿಗೆ ಹೇಳುವ ಶಬ್ದದಿಂದ ಅಂತೆ. ಅಂದ್ರೆ ಆ ಮೈದಾನದಲ್ಲಿ ಡೋಲು ಬಾರಿಸಿದವರೇ ಈ ಬಟ್ಟಲಿಗೂ ಬೆಂಡೆ ತಂದವರು. ಅದು ತಲೆಗೆ ಹೋದ ಮೇಲೆ ನಂಗೆ ಊಟ ಬೇರೆ ಸಂಗೀತ ಬೇರೆ ಅಂತ ಅನ್ನಿಸ್ಲೇ ಇಲ್ಲ. ಸಸ್ಯಾಹಾರಿಗಳು ಒಂದು ಜಾಗ್ರತೆ ಮಾಡ್ಬೇಕು, ಬರೀ ಕೆಂಪು ಬೀನ್ಸ್ ಅನ್ನ ಅಂತ ಬರ್ದಿದ್ರೂ ಅದ್ರಲ್ಲಿ ಹೆಚ್ಚಾಗಿ ಹಂದಿ ಮಾಂಸ ಇರ್ತದೆ, ಕೇಳಿಯೇ ತಗೊಳ್ಳಿ.

ಆಮೇಲೆ ಪ್ರಿಸರ್ವೇಶನ್ ಹಾಲ್. ಸೇಂಟ್ ಪೀಟರ್ ಸ್ಟ್ರೀಟಲ್ಲಿ, 1961ರಿಂದ ನಡೀತಾ ಉಂಟು. ಹಳೇ ಕಾಲದ ಜಾಝ್ ಕೇಳ್ಬೇಕಾದ್ರೆ ಇಲ್ಲಿಗೇ ಹೋಗ್ಬೇಕು. ಟಿಕೆಟ್ ಹ್ಯೂಸ್ಟನ್‌ನಿಂದಲೇ ಆನ್‌ಲೈನಲ್ಲಿ ಮಾಡಿದ್ದೆವು. ಒಳಗೆ ಹೋದ್ರೆ ನಾವು ವೇಷ ಕಟ್ಟುವ ಚೌಕಿಯ ಹಾಗೆಯೇ, ಬಣ್ಣ ಮಾಸಿದ ಗೋಡೆ, ನಾಲ್ಕು ಬೆಂಚು, ಮುಂದೆ ನೆಲಕ್ಕೆ ಕೂರುವವರಿಗೆ ಕುಶನ್, ಉಳಿದವರು ಹಿಂದೆ ನಿಲ್ಲುದು. ಊಟ ತಿಂಡಿ ಇಲ್ಲ, ಬಾರಿಸುವಾಗ ಫೋಟೋ ವೀಡಿಯೋ ಇಲ್ಲ, ಮುಕ್ಕಾಲು ಗಂಟೆಯ ಆಟ. ನಾವು ನೆಲದಲ್ಲಿ ಕೂತೆವು, ಟ್ರೊಂಬೋನ್ ಅಂತ ಎಳೆದು ಊದುವ ಕಹಳೆಯ ಸ್ಲೈಡ್ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ.

ಚೆಂಡೆಯವನ ಕಿವಿಯಲ್ಲಿ ಕೇಳಿದ್ದು ಹೀಗೆ. ಟ್ರಂಪೆಟ್‌ನವ ಪದ್ಯ ಹೇಳ್ತಾನೆ, ಕ್ಲಾರಿನೆಟ್ ಅದರ ಮೇಲಿಂದ ಬಳ್ಳಿಯ ಹಾಗೆ ಸುತ್ತಿ ಸುತ್ತಿ ಹೋಗ್ತದೆ, ಟ್ರೊಂಬೋನ್ ಕೆಳಗಿಂದ ಎಳೆದು ಎಳೆದು ತುಂಬಿಸ್ತದೆ, ಮೂವರೂ ಒಟ್ಟಿಗೇ ಮಾತಾಡುದು ಮಾರಾಯ್ರೆ, ಒಬ್ಬನೂ ಇನ್ನೊಬ್ಬನಿಗೆ ಅಡ್ಡ ಬರುದಿಲ್ಲ. ಆಮೇಲೆ ಒಬ್ಬೊಬ್ಬನೇ ತನ್ನ ಸರದಿಗೆ ಎದ್ದು ಬಾರಿಸುದು, ಅವನದ್ದು ಮುಗಿದ ಕೂಡ್ಲೇ ಜನ ಚಪ್ಪಾಳೆ ತಟ್ತಾರೆ, ಹಾಡು ಮುಗಿಲಿಕ್ಕೆ ಕಾಯುದಿಲ್ಲ. ನಾನು ಬೆರಳಲ್ಲಿ ಎಣಿಸ್ತಾ ಕೂತೆ, ನಾಲ್ಕು ನಾಲ್ಕು ಪೆಟ್ಟಿನ ಹನ್ನೆರಡು ಸುತ್ತು, ಮತ್ತೆ ಮೊದಲಿಂದ. ಬ್ಲೂಸ್ ಅಂತ ಹೇಳುದು ಅದಕ್ಕೆ. ಈ ಲೆಕ್ಕ ಒಮ್ಮೆ ಕೈಗೆ ಸಿಕ್ಕಿದ್ರೆ ಆಯ್ತು, ಯಾರು ಎಲ್ಲಿ ಹೋದ್ರೂ ಎಲ್ಲಿಗೆ ವಾಪಸ್ ಬರ್ತಾರೆ ಅಂತ ನಿಮಗೂ ಗೊತ್ತಿರ್ತದೆ, ಲೆಕ್ಕ ಮುಗಿಸುವ ಬಿಡ್ತಿಗೆ ಬರುವ ಮೊದಲೇ ಮೈ ಜುಮ್ ಅಂತದೆ.

ಆದ್ರೆ ನನ್ನ ಚಪ್ಪಾಳೆ ಮಾತ್ರ ಜನರೊಟ್ಟಿಗೆ ಕೂಡ್ತಾ ಇರ್ಲಿಲ್ಲ. ನಮ್ಮ ಕೈ ಅಭ್ಯಾಸ ಒಂದಕ್ಕೆ ಬೀಳುದಲ್ವಾ, ತಾಳ ಶುರುವಾಗುವ ಸಮಕ್ಕೆ. ಪಕ್ಕದಲ್ಲಿ ಕೂತಿದ್ದ ಪ್ರಾಯದ ಹೆಂಗಸು ಮೆಲ್ಲ ನನ್ನ ಮಣಿಕಟ್ಟು ಹಿಡಿದು ಒಂದಕ್ಕೆ ತಡೆದ್ರು, ಎರಡಕ್ಕೆ ಬಿಟ್ರು, ಮೂರಕ್ಕೆ ತಡೆದ್ರು, ನಾಲ್ಕಕ್ಕೆ ಬಿಟ್ರು. ಇಷ್ಟೇ. ಎರಡು, ನಾಲ್ಕು. ಒಂದು ಪೆಟ್ಟನ್ನು ಮನಸ್ಸಲ್ಲಿ ಇಟ್ಟು ಎರಡನೇದ್ದನ್ನು ಹೊರಗೆ ಹಾಕುದು, ಹಾಗೆ ಮಾಡಿದ ಕೂಡ್ಲೇ ಇಡೀ ಸಂಗೀತ ಮುಂದಕ್ಕೆ ವಾಲಿದ ಹಾಗೆ ಆಯ್ತು, ಭುಜ ತನ್ನಷ್ಟಕ್ಕೇ ಆಡ್ಲಿಕ್ಕೆ ಶುರು. ಮೂವತ್ತು ವರ್ಷ ಬಾರಿಸಿದವನಿಗೆ ಆ ಅಮ್ಮ ಅರ್ಧ ನಿಮಿಷದಲ್ಲಿ ಪಾಠ ಹೇಳಿ ಕೊಟ್ರು, ಹೊರಗೆ ಬರುವಾಗ ಕೈ ಮುಗಿದೆ.

ಹೊರಗೆ ಹತ್ತಿರದಲ್ಲೇ ಬೋರ್ಬನ್ ಸ್ಟ್ರೀಟ್, ಬರೀ ಗದ್ದಲ, ನಿಲ್ಲಲಿಲ್ಲ. ಎಸ್‌ಪ್ಲನೇಡ್ ಅವೆನ್ಯೂ ದಾಟಿ ಫ್ರೆಂಚ್‌ಮೆನ್ ಸ್ಟ್ರೀಟ್‌ಗೆ ನಡೆದೆವು. ಅಲ್ಲಿ ಸಾಲಾಗಿ ಕ್ಲಬ್ಬುಗಳು, ಬಾಗಿಲಲ್ಲಿ ನಿಂತು ಎರಡು ನಿಮಿಷ ಕೇಳಿ ಮನಸ್ಸಿಗೆ ಬಂದ್ರೆ ಒಳಗೆ ಹೋಗುದು. ಕೆಲವು ಕಡೆ ಪ್ರವೇಶ ಫ್ರೀ, ಆದ್ರೆ ಏನಾದ್ರೂ ಕುಡಿಲಿಕ್ಕೆ ತಗೊಳ್ಲೇಬೇಕು, ಸೋಡಾ ಆದ್ರೂ ಸಾಕು, ಮತ್ತೆ ಬಕೆಟ್ ಬರ್ತದೆ, ಬಾರಿಸುವವರಿಗೆ ಹಣ ಹಾಕ್ಲಿಕ್ಕೆ. ದಯಮಾಡಿ ಹಾಕಿ. ಒಂದು ಡಾಲರ್, ಐದು ಡಾಲರ್ ನೋಟು ಮೊದಲೇ ಚಿಲ್ಲರೆ ಮಾಡಿ ಕಿಸೆಯಲ್ಲಿ ಇಟ್ಕೊಳ್ಳಿ, ಆ ಬಕೆಟ್ಟಲ್ಲೇ ಅವರ ಆ ದಿನದ ಸಂಪಾದನೆ ಇರುದು, ಹಿಮ್ಮೇಳದವರ ಕಷ್ಟ ನಮಗೆ ಯಾರೂ ಹೇಳಿ ಕೊಡುದು ಬೇಡ.

ಕೊನೆಗೆ ರಸ್ತೆ ಮೂಲೆಯಲ್ಲಿ ಹುಡುಗರ ಬ್ರಾಸ್ ಬ್ಯಾಂಡ್. ಡ್ರಮ್ ಅಲ್ಲಿ ಇಬ್ಬರಿಗೆ ಪಾಲು, ಸ್ನೇರ್ ಅಂತ ಸಣ್ಣ ಡ್ರಮ್ ಒಬ್ಬ, ದೊಡ್ಡ ಡ್ರಮ್ ಕುತ್ತಿಗೆಗೆ ಹಾಕಿದವ ಇನ್ನೊಬ್ಬ, ಆ ದೊಡ್ಡ ಡ್ರಮ್ಮಿನ ಮೇಲೆ ಒಂದು ತಾಳ ಸಿಕ್ಕಿಸಿ ಅದಕ್ಕೆ ಸ್ಕ್ರೂಡ್ರೈವರಲ್ಲಿ ಬಡಿತಾ ಇದ್ದ, ಚಕ್ರತಾಳದ ಹಾಗೆ ಕಣ್ಣೀರು ಬರುವಷ್ಟು ತೀಕ್ಷ್ಣ. ಅವರ ಪೆಟ್ಟಿಗೆಗೆ ಹತ್ತು ಡಾಲರ್ ಹಾಕಿ, ಕೈಸನ್ನೆಯಲ್ಲಿ ಕೇಳಿ, ಒಂದು ನಿಮಿಷ ರೆಕಾರ್ಡ್ ಮಾಡಿದೆ.

ಅಲ್ಲಿ ರಾತ್ರಿ ಹನ್ನೊಂದು ಅಂದ್ರೆ ಕುಂಬಳೆಯಲ್ಲಿ ಮರುದಿನ ಬೆಳಗ್ಗೆ ಒಂಬತ್ತೂವರೆ. ದೊಡ್ಡಪ್ಪನಿಗೆ ವಾಟ್ಸಾಪಲ್ಲಿ ಕಳಿಸಿ ಫೋನ್ ಮಾಡಿದೆ, ನಂಗೆ ಚೆಂಡೆಕೋಲು ಹಿಡಿಲಿಕ್ಕೆ ಕಲಿಸಿದ್ದು ಅವರೇ. ಗಂಜಿ ಊಟ ಆಗಿ ಚಾವಡಿಯಲ್ಲಿ ಕೂತಿದ್ರು. ಪೂರಾ ಕೇಳಿ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

"ಆ ದೊಡ್ಡದ್ದು ಬಾರಿಸುವವ ಒಂದನ್ನು ಬಿಡ್ತಾ ಇದ್ದಾನಲ್ಲ ಮಗಾ?"

"ಹೌದು ದೊಡ್ಡಪ್ಪ, ಬೇಕೂಂತ ಬಿಡುದು."

"ಬಿಟ್ಟ ಜಾಗ ಸರಿ ಉಂಟು. ಇನ್ನೊಮ್ಮೆ ಹಾಕು, ಈ ಸಲ ದೊಡ್ಡಮ್ಮನೂ ಕೇಳ್ಲಿ."